ಸಂಜೆ ನಾಲ್ಕೂವರೆಯ ನಂತರ



ನಮ್ಮಂಥ ಚಿಕ್ಕ ಊರುಗಳಲ್ಲಿ ಶಾಲೆ ಬಿಡುವ ಗಂಟೆ ಹೊಡೆಯುವುದು ಸಂಜೆ ನಾಲ್ಕೂವರೆಯ ಸುಮಾರಿಗೆ. ಅಪ್ಪ ಅಮ್ಮ ಗದ್ದೆಯಿಂದಲೋ ಅಂಗಡಿಯಿಂದಲೋ ಗಾರ್ಮೆಂಟ್ಸ್ ಕೆಲಸದಿಂದಲೋ ಮನೆ ಸೇರುವಾಗ ಆರೂವರೆ, ಏಳು ಆಗಿರುತ್ತದೆ. ಈ ನಡುವಿನ ಎರಡು ಗಂಟೆ ಊರಿನ ಮಕ್ಕಳು ಎಲ್ಲಿರುತ್ತಾರೆ? ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದಷ್ಟು ಕಾಲವೂ ಈ ಪ್ರಶ್ನೆ ನನ್ನನ್ನು ಕಾಡಿದೆ. ನಿವೃತ್ತನಾದ ಮೇಲೂ ಬಿಟ್ಟಿಲ್ಲ. ಈ ಹೊತ್ತಿನ ನನ್ನ ಮಾತೂ ಆ ಎರಡು ಗಂಟೆಯನ್ನು ಕುರಿತದ್ದೇ.

ಕೆಲವರು ಟ್ಯೂಷನ್ನಿಗೆ ಹೋಗುತ್ತಾರೆ. ಕೆಲವರು ಮನೆಯ ಜಗಲಿಯ ಮೇಲೆ ಒಂದೇ ಮೊಬೈಲಿನ ಸುತ್ತ ತಲೆಗೆ ತಲೆ ತಾಗಿಸಿ ಕೂತಿರುತ್ತಾರೆ. ದೊಡ್ಡ ಹುಡುಗರು ಬಸ್ ನಿಲ್ದಾಣದ ಕಟ್ಟೆಯ ಮೇಲೆ. ಹೆಣ್ಣುಮಕ್ಕಳು ಮನೆಯೊಳಗೆ, ಪಾತ್ರೆ, ನೀರು, ತಮ್ಮನನ್ನು ನೋಡಿಕೊಳ್ಳುವುದು. ಇವರಲ್ಲಿ ಯಾರನ್ನೂ ನಾನು ದೂರುತ್ತಿಲ್ಲ. ಆ ಹೊತ್ತಿನಲ್ಲಿ ಅವರಿಗಾಗಿ ತೆರೆದ ಬಾಗಿಲು ಊರಿನಲ್ಲಿ ಎಷ್ಟಿದೆ ಎಂದು ಎಣಿಸುತ್ತಿದ್ದೇನೆ, ಅಷ್ಟೆ.

ಊರಿನಲ್ಲಿ ಏನೂ ಇಲ್ಲ ಎಂದು ಹೇಳುವ ಹಾಗೂ ಇಲ್ಲ. ನಮ್ಮದು ಪಟ್ಟಣ ಪಂಚಾಯಿತಿಯ ಊರು. ಹತ್ತು ಸಾವಿರಕ್ಕೆ ಮೇಲ್ಪಟ್ಟು ಇಪ್ಪತ್ತು ಸಾವಿರದ ಒಳಗೆ ಜನಸಂಖ್ಯೆ ಇರುವ, ಹಳ್ಳಿಯ ಲಕ್ಷಣ ಇನ್ನೂ ಪೂರ್ತಿ ಬಿಡದ ಊರುಗಳಿಗೆ ಸಿಗುವ ಸ್ಥಾನ ಅದು. ಇಂಥ ಯಾವ ಊರಿಗೆ ಹೋದರೂ ಸರ್ಕಾರಿ ಶಾಲೆಯ ಒಂದು ಮೈದಾನ, ಒಂದು ಶಾಖಾ ಗ್ರಂಥಾಲಯ, ಒಂದು ಸಮುದಾಯ ಭವನ, ಕಬ್ಬಿಣದ ಜಾರುಬಂಡೆ ಇರುವ ಒಂದು ಚಿಕ್ಕ ಪಾರ್ಕು ಕಾಣುತ್ತವೆ. ಮೈಸೂರು ಸೀಮೆಯಾದರೆ ಒಂದು ಹಳೆಯ ಗರಡಿಮನೆ, ಕರಾವಳಿಯಾದರೆ ಒಂದು ಭಜನಾ ಮಂದಿರ. ಇದರ ಜೊತೆಗೆ ಯುವಕ ಸಂಘ, ರೋಟರಿ, ಲಯನ್ಸ್. ಎಲ್ಲವೂ ಇವೆ. ಆದರೆ ನಾಲ್ಕೂವರೆಗೆ ಹೋಗಿ ನೋಡಿ. ಶಾಲೆ ಬಿಟ್ಟ ಕೂಡಲೇ ಮೈದಾನದ ಗೇಟಿಗೆ ಬೀಗ. ಸಮುದಾಯ ಭವನದ ಬೀಗ ತೆಗೆಯುವುದು ಮದುವೆಗೆ, ನಾಮಕರಣಕ್ಕೆ. ಪಾರ್ಕಿನಲ್ಲಿ ಹಿರಿಯರು ವಾಕಿಂಗ್ ಮಾಡುವ ಹೊತ್ತು, ಚೆಂಡು ತರಬಾರದೆಂಬ ಫಲಕ. ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಹೆಸರು ಹೇಳುತ್ತಾರೆ.

ಹಾಗಾಗಿ ಹೊಸ ಕಟ್ಟಡ ಬೇಕು, ಕ್ರೀಡಾಂಗಣ ಬೇಕು ಎಂದು ಕೇಳುವುದಕ್ಕೆ ಮೊದಲು ನಾನು ಕೇಳುವುದು ಹೊತ್ತನ್ನು. ಇರುವ ಜಾಗವೇ ದಿನಕ್ಕೆ ಎರಡು ಗಂಟೆ, ವರ್ಷದ ಎಲ್ಲ ದಿನ, ಮಕ್ಕಳಿಗೆ ತೆರೆದಿರಬೇಕು. ಅದನ್ನು ತೆರೆದು, ಅಲ್ಲೇ ಇದ್ದು, ಮುಚ್ಚಿ ಹೋಗುವ ಒಬ್ಬ ಜವಾಬ್ದಾರಿ ಮನುಷ್ಯ ಇರಬೇಕು. ಆ ಮನುಷ್ಯನಿಗೆ ಸಂಬಳ ಸಿಗಬೇಕು.

ಇದು ಮಕ್ಕಳ ಮೇಲಿನ ಕನಿಕರದ ಮಾತಲ್ಲ, ಊರಿನ ಆಡಳಿತದ ಕರ್ತವ್ಯ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದರೊಂದಿಗೆ ಸೇರಿದ 12ನೇ ಅನುಸೂಚಿಯಲ್ಲಿ ಪಟ್ಟಣಗಳ ಆಡಳಿತಕ್ಕೆ ವಹಿಸಬಹುದಾದ 18 ಕೆಲಸಗಳ ಪಟ್ಟಿ ಇದೆ. ನೀರು, ರಸ್ತೆ, ಬೀದಿದೀಪಗಳ ಜೊತೆಯಲ್ಲೇ ಉದ್ಯಾನ ಮತ್ತು ಆಟದ ಮೈದಾನ ಅದರಲ್ಲಿ ಸೇರಿವೆ. ಸಾಂಸ್ಕೃತಿಕ ಮತ್ತು ಶೈಕ್ಷಣಿಕ ಚಟುವಟಿಕೆಗಳ ಪ್ರೋತ್ಸಾಹವೂ ಸೇರಿದೆ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಉಳಿಸುವುದಕ್ಕೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯೊಂದಿದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ವಿರಾಮವನ್ನೂ ಆಟವನ್ನೂ ಮಕ್ಕಳ ಹಕ್ಕು ಎಂದೇ ಹೇಳುತ್ತದೆ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿದೆ. ಇಷ್ಟಾದರೂ ಪಟ್ಟಣ ಪಂಚಾಯಿತಿಯ ಸಭೆಯಲ್ಲಿ ಚರಂಡಿ, ಕೊಳವೆಬಾವಿ, ಕಸದ ಗಾಡಿಯ ಮಾತು ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಮಕ್ಕಳ ಸಂಜೆಯ ವಿಷಯ ಎತ್ತುವವರು ಇರುವುದಿಲ್ಲ. ಮಕ್ಕಳಿಗೆ ಓಟಿಲ್ಲ, ಅವರ ಅಪ್ಪ ಅಮ್ಮಂದಿರಿಗೆ ಸಭೆಗೆ ಬರಲು ಬಿಡುವಿಲ್ಲ.

ಮೊದಲು ಗ್ರಂಥಾಲಯದ ಮಾತು. ಪಟ್ಟಣದಲ್ಲಿ ಮನೆ ಕಂದಾಯ ಕಟ್ಟುವವರು ರಸೀತಿಯನ್ನು ಒಮ್ಮೆ ಕಣ್ಣಿಟ್ಟು ನೋಡಬೇಕು. ಅದರಲ್ಲಿ ಗ್ರಂಥಾಲಯ ಕರ ಎಂದು ಇರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆಯಂತೆ ವಸೂಲಾಗುವ ಹಣ ಅದು. ಅಂದರೆ ಊರಿನ ಗ್ರಂಥಾಲಯಕ್ಕೆ ನಾವು ಪ್ರತಿಯೊಬ್ಬರೂ ಹಣ ಕಟ್ಟಿದ್ದೇವೆ. ಅಲ್ಲಿಗೆ ಮಕ್ಕಳು ಬರಬೇಕೆಂದು ಕೇಳುವ ಅಧಿಕಾರವೂ ಆ ರಸೀತಿಯಲ್ಲೇ ಇದೆ.

ಈ ವಿಷಯದಲ್ಲಿ ಈಚಿನ ವರ್ಷಗಳಲ್ಲಿ ಹಳ್ಳಿಗಳು ಪಟ್ಟಣಗಳಿಗಿಂತ ಮುಂದೆ ಹೋಗಿವೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮಾರನೆಯ ವರ್ಷವೇ ಕೊರೊನಾ ಬಂದು ಶಾಲೆಗಳು ಮುಚ್ಚಿದವು. ಆಗ ಶುರುವಾದದ್ದು ‘ಓದುವ ಬೆಳಕು’ ಕಾರ್ಯಕ್ರಮ. ಹಳ್ಳಿಯ ಮಕ್ಕಳಿಗೆ ಗ್ರಂಥಾಲಯದ ಸದಸ್ಯತ್ವ ಉಚಿತವಾಯಿತು. ಅಲ್ಲಿಯವರೆಗೆ ದಿನಪತ್ರಿಕೆ ಓದುವ ನಾಲ್ಕು ಜನ ಹಿರಿಯರ ಜಾಗವಾಗಿದ್ದ ಕೋಣೆಗೆ ಮಕ್ಕಳು ನುಗ್ಗಿದರು. ಗೋಡೆಗೆ ಚಿತ್ರ ಬಂತು, ನೆಲಕ್ಕೆ ಚಾಪೆ ಬಂತು, ಚದುರಂಗದ ಹಾಸು ಬಂತು, ಕಂಪ್ಯೂಟರು ಬಂತು. ಈಗ ಆ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಎಂಬ ಹೆಸರಿದೆ.

ನಮ್ಮ ಪಕ್ಕದ ಹಳ್ಳಿಯ ಅರಿವು ಕೇಂದ್ರಕ್ಕೆ ನಾನು ಆಗಾಗ ಹೋಗಿ ಕೂರುತ್ತೇನೆ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ, ಒಳಗೆ ಮಕ್ಕಳು ಹೊಟ್ಟೆಯ ಮೇಲೆ ಮಲಗಿ ಓದುತ್ತಿರುತ್ತಾರೆ. ಅಲ್ಲಿನ ಮೇಲ್ವಿಚಾರಕಿ ಒಂದು ಕೆಲಸ ಮಾಡುತ್ತಾರೆ, ಅದನ್ನು ನಾನು ಬೇರೆ ಕಡೆ ಕಂಡಿಲ್ಲ. ಪುಸ್ತಕ ವಾಪಸು ತಂದ ಮಗುವನ್ನು ತಮ್ಮ ಮೇಜಿನ ಹತ್ತಿರ ನಿಲ್ಲಿಸಿಕೊಂಡು, ‘ಕತೇಲಿ ಯಾರ್ಯಾರು ಬರ್ತಾರೆ ಹೇಳು ಪುಟ್ಟಾ’ ಎಂದು ಕೇಳುತ್ತಾರೆ. ಮಗು ಹೇಳುವಾಗ ಇನ್ನು ನಾಲ್ಕು ಮಕ್ಕಳು ಕಿವಿ ನಿಮಿರಿಸಿ ಕೇಳುತ್ತವೆ. ಆಮೇಲೆ ಆ ಪುಸ್ತಕಕ್ಕೆ ಜಗಳ. ಪಾಠದ ಪುಸ್ತಕ ತೆರೆದರೆ ಆಕಳಿಸುವ ಐದನೇ ತರಗತಿಯ ಹುಡುಗನೊಬ್ಬ ಹಾವುಗಳ ಪುಸ್ತಕಕ್ಕಾಗಿ ಕಾದು ಕೂತದ್ದನ್ನು ನಾನು ಅಲ್ಲೇ ಕಂಡೆ. ಈ ಕೆಲಸಕ್ಕೆ ದೊಡ್ಡ ಬಜೆಟ್ ಏನೂ ಬೇಕಾಗಿಲ್ಲ. ಆ ಹೆಣ್ಣುಮಗಳು ಅಲ್ಲಿ ಇದ್ದದ್ದು, ಸಂಜೆ ಹೊತ್ತು ಇದ್ದದ್ದು, ನಾಳೆಯೂ ಇರುತ್ತಾರೆಂದು ಮಕ್ಕಳಿಗೆ ಗೊತ್ತಿದ್ದದ್ದು, ಇವೇ ಅದರ ಬಂಡವಾಳ.

ಇನ್ನು ಮೈದಾನ. ಇದು ನನ್ನ ಕಸುಬು, ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಮಕ್ಕಳಿಗೆ ಆಡಲು ದೊಡ್ಡ ಸ್ಟೇಡಿಯಂ ಬೇಕೆಂಬುದು ತಪ್ಪು ತಿಳಿವಳಿಕೆ. ಖೋ-ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ವಾಲಿಬಾಲ್‌ಗೆ ಇನ್ನೂ ಕಡಿಮೆ, 18 ಮೀಟರ್‌ಗೆ 9 ಮೀಟರ್ ಸಾಕು. ಗಂಡಸರ ಕಬಡ್ಡಿಗೆ 13 ಮೀಟರ್‌ಗೆ 10. ತಾಲ್ಲೂಕು ಕಚೇರಿಯ ಹಿಂದೆ ಹಳೆಯ ಜೀಪು ನಿಲ್ಲಿಸುವ ಜಾಗದಲ್ಲಿ ಇದರಲ್ಲಿ ಒಂದಲ್ಲ ಒಂದು ಅಂಕಣ ಹಿಡಿಯುತ್ತದೆ. ನನಗೆ ಇವುಗಳಲ್ಲಿ ಖೋ-ಖೋ ಹೆಚ್ಚು ಪ್ರೀತಿ. ಬಡ ಶಾಲೆಗೆ ಅದಕ್ಕಿಂತ ಒಳ್ಳೆಯ ಆಟ ಇಲ್ಲ. ಚೆಂಡು ಬೇಡ, ಬ್ಯಾಟು ಬೇಡ, ನೆಟ್ ಬೇಡ. ಮಗುವಿನ ಎದೆಮಟ್ಟದ ಎರಡು ಮರದ ಕಂಬ, ಒಂದು ಉದ್ದನೆಯ ಹಗ್ಗ, ನಾಲ್ಕು ಗೂಟ, ಒಂದು ಪುಟ್ಟಿ ಸುಣ್ಣದ ಪುಡಿ.

ಅಂಕಣ ಹಾಕುವುದನ್ನು ಮಕ್ಕಳಿಂದಲೇ ಮಾಡಿಸಬೇಕು. ಮೊದಲು ಕಲ್ಲು ಆರಿಸಬೇಕು. ಬೆರಳಿನುಗುರಿನಷ್ಟು ಕಲ್ಲನ್ನೂ ಬಿಡಬಾರದು, ಡೈವ್ ಹೊಡೆಯುವ ಮಗುವಿನ ಮೊಣಕೈಗೆ ಅದೇ ಕತ್ತಿ. ನೀರು ಚಿಮುಕಿಸಿ ಮಣ್ಣು ಕೂರಿಸಬೇಕು. ಹಗ್ಗ ಎಳೆದು ಗೂಟ ಹೊಡೆದು, ಹಗ್ಗದ ಗುಂಟ ಸುಣ್ಣ ಬಿಡುತ್ತಾ ಹೋಗಬೇಕು. ಕೈ ನಡುಗಿದರೆ ಗೆರೆ ಸೊಟ್ಟಗಾಗುತ್ತದೆ. ಎಂಟು ಮಂದಿ ಒಬ್ಬರು ಬಿಟ್ಟು ಒಬ್ಬರು ಎದುರುಬದುರು ಮುಖ ಮಾಡಿ ಕೂರುತ್ತಾರೆ, ಒಂಬತ್ತನೆಯವರು ಅಟ್ಟಿಸಿಕೊಂಡು ಓಡುತ್ತಾರೆ. ಒಂದು ಕಡೆಗೆ ಹೊರಟ ಮೇಲೆ ಹಿಂದಕ್ಕೆ ತಿರುಗುವ ಹಾಗಿಲ್ಲ, ಕಂಬ ಸುತ್ತಬೇಕು, ಇಲ್ಲವಾದರೆ ಕೂತವರ ಬೆನ್ನು ಮುಟ್ಟಿ ಖೋ ಕೊಡಬೇಕು. ತಾನು ಹಿಡಿಯಬಹುದಾಗಿದ್ದ ಆಟಗಾರನನ್ನು ಬೇರೆಯವರಿಗೆ ಬಿಟ್ಟುಕೊಟ್ಟು ತಾನು ಕೂರುವುದನ್ನು ಹನ್ನೆರಡು ವರ್ಷದ ಮಗು ಇಲ್ಲಿ ಕಲಿಯುತ್ತದೆ. ಇದನ್ನು ನಾನು ತರಗತಿಯಲ್ಲಿ ಮಾತಿನಿಂದ ಕಲಿಸಲು ಹೊರಟಿದ್ದರೆ ಆಗುತ್ತಿರಲಿಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊಟ್ಟಮೊದಲ ಖೋ-ಖೋ ವಿಶ್ವಕಪ್ ನಡೆಯಿತು. ಹೆಣ್ಣುಮಕ್ಕಳ ಫೈನಲ್‌ನಲ್ಲಿ ಭಾರತ ನೇಪಾಳವನ್ನು 78–40ರಿಂದ ಸೋಲಿಸಿತು. ಆ ತಂಡದಲ್ಲಿದ್ದ ಬಿ. ಚೈತ್ರಾ ನಮ್ಮ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನವರು. ಅವತ್ತು ನಮ್ಮ ಸುತ್ತಿನ ಹಳ್ಳಿಗಳಲ್ಲಿ ಆದ ಸಂತೋಷ ಅಷ್ಟಿಷ್ಟಲ್ಲ. ಪತ್ರಿಕೆಗಳು ಹಳ್ಳಿ ಹುಡುಗಿಯ ಸಾಧನೆ ಎಂದು ಬರೆದವು. ಆ ಸಾಧನೆಯ ಹಿಂದೆ ದಿನಾ ಬೆಳಿಗ್ಗೆ ಸಂಜೆ ತೆರೆದಿರುವ ಒಂದು ಮಣ್ಣಿನ ಅಂಕಣ ಇರಬೇಕು, ಬೇಸರವಿಲ್ಲದೆ ಅಲ್ಲಿ ನಿಂತು ಸೀಟಿ ಊದುವ ಒಬ್ಬ ಗುರು ಇರಬೇಕು. ನಮ್ಮ ತಾಲ್ಲೂಕಿನ ಎಷ್ಟೋ ಶಾಲೆಗಳಲ್ಲಿ ಇಂಥ ಕಾಲುಗಳಿರುವ ಹುಡುಗಿಯರನ್ನು ನಾನು ನೋಡಿದ್ದೇನೆ. ಅವರಿಗೆ ಅಂಕಣ ಸಂಜೆ ಮುಚ್ಚಿತ್ತು.

ಹೆಣ್ಣುಮಕ್ಕಳ ಮಾತು ಬಂದದ್ದರಿಂದ ಒಂದು ವಿಷಯ ಬಿಚ್ಚಿ ಹೇಳಬೇಕು. ಏಳನೇ ತರಗತಿಯವರೆಗೆ ಆಟದಲ್ಲಿ ಹುಡುಗಿಯರು ಹುಡುಗರಷ್ಟೇ ಇರುತ್ತಾರೆ, ಒಮ್ಮೊಮ್ಮೆ ಹೆಚ್ಚೇ ಇರುತ್ತಾರೆ. ಒಂಬತ್ತಕ್ಕೆ ಬರುವಷ್ಟರಲ್ಲಿ ಅರ್ಧಕ್ಕರ್ಧ ಇಲ್ಲ. ಮೊದಮೊದಲು ಅವರ ಮನೆಗಳಿಗೆ ಹೋಗಿ ಓದಿನ ಜೊತೆ ಆಟವೂ ಬೇಕೆಂದು ಉಪದೇಶ ಹೇಳುತ್ತಿದ್ದೆ. ರೇಷ್ಮೆ ಹುಳು ಸಾಕುವ ಒಬ್ಬ ಅಪ್ಪ ನನ್ನನ್ನು ಕೂರಿಸಿ, ಕಾಫಿ ಕೊಟ್ಟು, ಮೆಲ್ಲಗೆ ಹೇಳಿದರು: ‘ಮೇಷ್ಟ್ರೇ, ಮಗಳು ಆಡೋದು ಬೇಡ ಅಂತ ನಾನು ಹೇಳ್ತಾ ಇಲ್ಲ. ಆ ಫೀಲ್ಡಿಂದ ನಮ್ಮ ಬೀದಿವರೆಗೂ ಒಂದು ಲೈಟಿಲ್ಲ. ಅಲ್ಲಿ ಹೆಣ್ಣುಮಕ್ಕಳಿಗೆ ಒಂದು ಪಾಯಿಖಾನೆ ಇಲ್ಲ. ನೀವೇ ಹೇಳಿ, ಹೆಂಗೆ ಕಳಿಸ್ಲಿ?’ ನನ್ನ ಉಪದೇಶವೆಲ್ಲ ಅಲ್ಲಿಗೆ ನಿಂತಿತು. ಅವರು ಹೇಳಿದ ಎರಡು ವಿಷಯವನ್ನೇ ಹಿಡಿದುಕೊಂಡು ವಾರ್ಡಿನ ಸದಸ್ಯರ ಮನೆಗೆ ಅಲೆದೆವು. ನಾಲ್ಕು ಕಂಬಕ್ಕೆ ದೀಪ ಬಂತು. ಶಾಲೆಯ ಶೌಚಾಲಯದ ಬೀಗದ ಕೈ ಸಂಜೆ ಆರೂವರೆವರೆಗೆ ಆಟದ ಹುಡುಗಿಯರ ಹತ್ತಿರ ಇರಬೇಕೆಂದು ಮುಖ್ಯೋಪಾಧ್ಯಾಯಿನಿ ಒಪ್ಪಿದರು. ಆ ವರ್ಷ ಒಂಬತ್ತನೇ ತರಗತಿಯ ಹುಡುಗಿಯರದೇ ಒಂದು ತಂಡ ನಿಂತಿತು. ಯುವಜನ ಕಾರ್ಯಕ್ರಮ ಎಂದಾಗ ಯಾರೂ ಬೀದಿದೀಪವನ್ನಾಗಲಿ ಶೌಚಾಲಯದ ನಲ್ಲಿಯನ್ನಾಗಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಅನುಭವದಲ್ಲಿ ಅವೇ ಮೊದಲ ಸಾಲಿನಲ್ಲಿ ಬರಬೇಕು, ಕಪ್ಪು ಪದಕಗಳೆಲ್ಲ ಆಮೇಲೆ.

ಐದರಿಂದ ಹದಿನೇಳು ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ ಅರವತ್ತು ನಿಮಿಷ ಮೈ ಬಿಸಿಯಾಗುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಾಲೆಯ ವೇಳಾಪಟ್ಟಿಯಲ್ಲಿ ಇರುವ ಆಟದ ಪಿರಿಯಡ್ಡುಗಳನ್ನೆಲ್ಲ ಕೂಡಿಸಿದರೂ, ಪರೀಕ್ಷೆ ಹತ್ತಿರ ಬಂದಾಗ ಅವನ್ನು ಗಣಿತ ವಿಜ್ಞಾನಕ್ಕೆ ಕೊಟ್ಟುಬಿಡದೆ ಉಳಿಸಿಕೊಂಡರೂ, ಈ ಲೆಕ್ಕ ತುಂಬುವುದಿಲ್ಲ. ಮಿಕ್ಕದ್ದು ಸಂಜೆಯಿಂದಲೇ ಬರಬೇಕು.

ಆಟ ಎಲ್ಲರಿಗೂ ಒಗ್ಗುವುದಿಲ್ಲ. ಓಡಲು ಮನಸ್ಸಿಲ್ಲದ, ಆದರೆ ಹಾಡಲು, ಬಣ್ಣ ಹಚ್ಚಿಕೊಳ್ಳಲು, ಏನಾದರೂ ಕಟ್ಟಲು ಕೈ ತುರಿಸುವ ಮಕ್ಕಳಿದ್ದಾರೆ. ಅವರಿಗೆ ಊರು ಏನು ಕೊಡಬಲ್ಲದು ಎಂಬುದಕ್ಕೆ ಹೆಗ್ಗೋಡನ್ನು ನೋಡಬೇಕು. ಸಾಗರದ ಹತ್ತಿರದ ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿ. 1949ರಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಅವರ ಗೆಳೆಯರು ಅಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ಸುಬ್ಬಣ್ಣನವರು ಆಗಿನ್ನೂ ಹದಿಹರೆಯದವರು. ಹಗಲು ತೋಟದಲ್ಲಿ, ಅಂಗಡಿಯಲ್ಲಿ, ಶಾಲೆಯಲ್ಲಿ ದುಡಿದವರು ಸಂಜೆ ತಾಲೀಮಿಗೆ ಸೇರುವ ಸಂಘ ಅದು. ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದದ್ದು 1972ರಲ್ಲಿ. ಈ ಎರಡು ಇಸವಿಗಳ ನಡುವೆ ಇಪ್ಪತ್ತಮೂರು ವರ್ಷ ಇದೆ ಎಂಬುದನ್ನು ದಯವಿಟ್ಟು ಗಮನಿಸಿ. ಕೂಡುವ ಅಭ್ಯಾಸ ಮೊದಲು ಬಂತು, ಮಂದಿರ ಆಮೇಲೆ ಬಂತು. ಮರುವರ್ಷ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ತಿರುಗಾಟ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಜಗತ್ತು ಅತ್ತ ತಿರುಗಿ ನೋಡಿತು. ತಿರುಗಾಟದ ನಾಟಕ ನಮ್ಮ ಊರಿಗೆ ಬಂದ ರಾತ್ರಿ ಸಾಮಾನು ಇಳಿಸುವುದರಿಂದ ಹಿಡಿದು ಬೆಳಕು ಕಟ್ಟುವವರೆಗೆ ನಟನಟಿಯರೇ ಮಾಡುವುದನ್ನು ನಮ್ಮ ಶಾಲೆಯ ಹುಡುಗರು ಬಾಯಿಬಿಟ್ಟು ನೋಡಿದರು. ಮಾರನೆಯ ದಿನ ಅವರಲ್ಲಿ ಕೆಲವರು ಬಂದು, ‘ಸಾರ್, ನಮಗೂ ಒಂದು ರೂಮು ಕೊಡ್ಸಿ’ ಎಂದರು. ನಾಟಕ ಕಲಿಸುವವರನ್ನು ಅವರು ಕೇಳಲಿಲ್ಲ, ಜಾಗ ಕೇಳಿದರು.

ಪುತ್ತೂರಿನ ಬಾಲವನವೂ ಇಂಥದೇ ಮನಸ್ಸಿನಿಂದ ಹುಟ್ಟಿದ್ದು. ಕಾರಂತರು ಅಲ್ಲಿ ಮಕ್ಕಳ ಕಲಿಕೆಯ ಪ್ರಯೋಗ ನಡೆಸಿದರು, ಪುತ್ತೂರಿನಲ್ಲಿ ವರ್ಷವರ್ಷ ದಸರಾ ನಾಡಹಬ್ಬವನ್ನು ಹೊಸ ರೀತಿಯಲ್ಲಿ ಕಟ್ಟಿದರು. ಅಷ್ಟು ದೊಡ್ಡ ಲೇಖಕರು ಮಕ್ಕಳ ಜೊತೆ ಕುಣಿಯುವುದಕ್ಕೆ ಹೊತ್ತು ಮಾಡಿಕೊಂಡರು ಎಂಬುದು ನನಗೆ ಅವರ ಕಾದಂಬರಿಗಳಷ್ಟೇ ದೊಡ್ಡ ವಿಷಯ. ಮೈಸೂರಿನ ರಂಗಾಯಣ ಬೇಸಿಗೆ ರಜೆಯಲ್ಲಿ ನಡೆಸುವ ಚಿಣ್ಣರ ಮೇಳವನ್ನು ಅನೇಕರು ಬಲ್ಲಿರಿ. ಉಡುಪಿಯ ಕಡೆ ಪ್ರೌಢಶಾಲೆಗಳಲ್ಲೇ ಯಕ್ಷಗಾನ ಕಲಿಸುತ್ತಾರೆ, ಹುಡುಗಿಯರೂ ಗೆಜ್ಜೆ ಕಟ್ಟುತ್ತಾರೆ.

ಇಲ್ಲಿ ಬೇಸಿಗೆ ಶಿಬಿರಗಳ ಬಗ್ಗೆ ಒಂದು ಮಾತು. ಅವು ಒಳ್ಳೆಯವು, ನಾನೂ ನಡೆಸಿದ್ದೇನೆ. ಆದರೆ ಏಪ್ರಿಲ್‌ನಲ್ಲಿ ಹದಿನೈದು ದಿನ ಮಣ್ಣಿನ ಬೊಂಬೆ, ಹಾಡು, ಮುಖವಾಡ ಎಂದು ಮಕ್ಕಳ ಆಸೆ ಕೆರಳಿಸಿ, ಸಮಾರೋಪ ಮಾಡಿ, ಪ್ರಮಾಣಪತ್ರ ಕೊಟ್ಟು ಕಳಿಸಿಬಿಟ್ಟರೆ ಜೂನ್ ತಿಂಗಳಲ್ಲಿ ಆ ಮಗು ಏನು ಮಾಡಬೇಕು? ಹೊನಲು ಬೆಳಕಿನ ಪಂದ್ಯಾವಳಿಗಳದ್ದೂ ಇದೇ ಕತೆ. ಕಬಡ್ಡಿ, ಟೆನ್ನಿಸ್ ಬಾಲ್ ಕ್ರಿಕೆಟ್, ಊರ ತುಂಬ ಫ್ಲೆಕ್ಸು, ಹೊರಗಿನಿಂದ ಕರೆಸಿದ ಆಟಗಾರರು, ಆಳೆತ್ತರದ ಕಪ್ಪು. ಒಂದು ರಾತ್ರಿಯ ಶಾಮಿಯಾನ, ಮೈಕು, ಜನರೇಟರಿನ ಬಾಡಿಗೆಯಲ್ಲಿ ಊರಿನ ಮಕ್ಕಳಿಗೆ ವರ್ಷಪೂರ್ತಿ ಬೇಕಾಗುವ ಚೆಂಡು, ನೆಟ್, ಸುಣ್ಣ ಎಲ್ಲ ಬರುತ್ತದೆ. ಪಂದ್ಯಾವಳಿ ಬೇಡವೆನ್ನುವುದಿಲ್ಲ. ಅದನ್ನು ನಡೆಸುವ ಸಂಘದವರಲ್ಲಿ ನನ್ನ ಶಿಷ್ಯರೇ ಹೆಚ್ಚು. ಅವರಿಗೆ ನಾನು ಹೇಳುವುದು ಇಷ್ಟೇ: ಬರುವ ವರ್ಷ ಚಂದಾ ಎತ್ತುವಾಗ ಅದರಲ್ಲೊಂದು ಪಾಲನ್ನು ಊರಿನ ಹುಡುಗರ ಸಂಜೆಯ ಅಭ್ಯಾಸಕ್ಕೆ ಎತ್ತಿಡಿ.

ವರ್ಷಕ್ಕೊಮ್ಮೆ ನಡೆದರೂ ಊರಿನ ಒಳಗೆ ಬೇರು ಬಿಟ್ಟ ಹಬ್ಬಕ್ಕೆ ಉದಾಹರಣೆ ಕೊಡಗಿನ ಕೌಟುಂಬಿಕ ಹಾಕಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಅದನ್ನು ಶುರು ಮಾಡಿದಾಗ ಬಂದದ್ದು 60 ಕುಟುಂಬಗಳ ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಹಬ್ಬಕ್ಕೆ 360 ಕುಟುಂಬಗಳು ಸೇರಿದವು, ಗಿನ್ನಿಸ್ ದಾಖಲೆಯೂ ಆಯಿತು. ಒಂದೊಂದು ವರ್ಷ ಒಂದೊಂದು ಕುಟುಂಬ ಹೊಣೆ ಹೊರುತ್ತದೆ. ಒಂದೇ ತಂಡದಲ್ಲಿ ಅಜ್ಜನ ವಯಸ್ಸಿನವರೂ ಶಾಲೆಯ ಹುಡುಗನೂ ಸೊಸೆಯೂ ಕೋಲು ಹಿಡಿಯುತ್ತಾರೆ. ಅಂಥ ತಂಡದಲ್ಲಿ ಮಗುವಿಗೆ ಸ್ಥಾನ ಬೇಕಾದರೆ ಅದು ಊರಿನಲ್ಲೇ ಹಾಕಿ ಹಿಡಿದು ಬೆಳೆದಿರಬೇಕು. ಹೊರಗಿನಿಂದ ಆಟಗಾರರನ್ನು ತರುವ ಹಾಗಿಲ್ಲ, ಮನೆಯಲ್ಲೇ ಬೆಳೆಸಬೇಕು. ಆ ನಿಯಮದಲ್ಲೇ ಅದರ ಶಕ್ತಿ ಇದೆ.

ಇಷ್ಟು ಹೊತ್ತು ಶಾಲೆಗೆ ಹೋಗುವ ಮಕ್ಕಳ ಮಾತಾಯಿತು. ಊರಿನಲ್ಲಿ ಇನ್ನೊಂದು ಗುಂಪಿದೆ, ಯೋಜನೆಗಳ ಕಣ್ಣಿಗೆ ಅದು ಬೀಳುವುದು ಕಡಿಮೆ. ಹದಿನೆಂಟು ಇಪ್ಪತ್ತರ ಹುಡುಗರು. ಎಸ್ಸೆಸ್ಸೆಲ್ಸಿ ಫೇಲಾಗಿಯೋ ಮನೆಯ ಕಷ್ಟಕ್ಕೋ ಓದು ಬಿಟ್ಟವರು. ಪಂಚರ್ ಅಂಗಡಿ, ಬೇಕರಿ, ವೆಲ್ಡಿಂಗ್ ಶಾಪು, ಬಟ್ಟೆ ಅಂಗಡಿ, ಗೂಡ್ಸ್ ಆಟೋ. ಇವರಿಗೆ ನಾಲ್ಕೂವರೆ ಎಂಬ ಹೊತ್ತೇ ಇಲ್ಲ. ಅಂಗಡಿ ಬಾಗಿಲು ಹಾಕುವುದು ರಾತ್ರಿ ಎಂಟೂವರೆಗೆ. ಆ ಹೊತ್ತಿಗೆ ಊರಿನಲ್ಲಿ ತೆರೆದಿರುವುದು ಒಂದು ಕೊನೆಯಲ್ಲಿ ಬಾರು, ಇನ್ನೊಂದು ಕೊನೆಯಲ್ಲಿ ದೇವಸ್ಥಾನ. ಹಿಂದೆ ಗರಡಿಮನೆ ಇವರ ಜಾಗವಾಗಿತ್ತು. ದುಡಿದು ಬಂದ ಹುಡುಗ ರಾತ್ರಿ ಅಥವಾ ಬೆಳಗಿನ ಜಾವ ಮಟ್ಟಿ ಮಣ್ಣಿಗೆ ಇಳಿದರೆ ಅವನ ಜಾತಿ, ಅಂಗಡಿ, ಅಂಕಪಟ್ಟಿ ಯಾವುದನ್ನೂ ಉಸ್ತಾದರು ಕೇಳುತ್ತಿರಲಿಲ್ಲ ಎಂದು ನನಗೆ ಕಲಿಸಿದ ಹಿರಿಯರು ಹೇಳುತ್ತಿದ್ದರು. ಈಗಲೂ ಆಗಬಹುದು. ವಾಲಿಬಾಲ್ ಅಂಕಣಕ್ಕೆ ಎರಡು ದೀಪ ಹಾಕಿ ರಾತ್ರಿ ಹತ್ತರವರೆಗೆ ಬಿಟ್ಟರೆ ಈ ಹುಡುಗರು ಬರುತ್ತಾರೆ. ಅಂಗಡಿಗಳಿಗೆ ವಾರದ ರಜೆ ಇರುವ ದಿನ ಅವರಿಗೇ ಮೀಸಲಿಡಬಹುದು. ಹತ್ತನೇ ತರಗತಿಯನ್ನು ಮತ್ತೆ ಕಟ್ಟುವ ಆಸೆ ಇರುವವರಿಗೆ ಅದೇ ದಿನ ಗ್ರಂಥಾಲಯದಲ್ಲಿ ಪಾಠ ಹೇಳಬಹುದು. ನಮ್ಮ ಕಡೆ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ತಮ್ಮ ಮನೆಯ ಪಡಸಾಲೆಯಲ್ಲಿ ಇದನ್ನು ಮಾಡುತ್ತಿದ್ದಾರೆ. ಬೇಕರಿಯ ಹುಡುಗ ಕೈಯಲ್ಲಿ ಹಿಟ್ಟಿನ ವಾಸನೆ ಇಟ್ಟುಕೊಂಡೇ ಬಂದು ಬೀಜಗಣಿತ ಬಿಡಿಸುತ್ತಾನೆ.

ಯುವಕರಿಗೆ ಊರು ಏನು ಮಾಡಬೇಕೆಂದು ಹೇಳಿದೆ. ಅವರು ಊರಿಗೆ ಏನು ಮಾಡಬಲ್ಲರು ಎಂಬುದೂ ಇದರೊಳಗೇ ಇದೆ. ಒಂದು ಲೆಕ್ಕ ಕೊಡುತ್ತೇನೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರಲ್ಲಿ, ರಾಷ್ಟ್ರೀಯ ಸೇವಾ ಯೋಜನೆ, ನಮ್ಮ ಎನ್.ಎಸ್.ಎಸ್., ಶುರುವಾಯಿತು. ಅದಕ್ಕೆ ಸೇರಿದ ವಿದ್ಯಾರ್ಥಿ ಎರಡು ವರ್ಷದಲ್ಲಿ 240 ಗಂಟೆ, ಅಂದರೆ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಏಳು ದಿನದ ವಿಶೇಷ ಶಿಬಿರ ಬೇರೆ. 120 ಗಂಟೆಯನ್ನು ದಿನಕ್ಕೆ ಎರಡು ಗಂಟೆಯಂತೆ ಹಂಚಿದರೆ ಅರವತ್ತು ಸಂಜೆ. ಐದು ವಿದ್ಯಾರ್ಥಿಗಳು ಸೇರಿದರೆ ಮುನ್ನೂರು ಸಂಜೆ. ರಜೆ ಹಬ್ಬ ಕಳೆದರೆ ಹೆಚ್ಚುಕಡಿಮೆ ಇಡೀ ವರ್ಷ. ಊರಿನ ಪದವಿ ಕಾಲೇಜಿನಲ್ಲಿ ಎನ್.ಎಸ್.ಎಸ್. ಮಕ್ಕಳು ಐವರಿಗಿಂತ ಎಷ್ಟೋ ಹೆಚ್ಚಿದ್ದಾರೆ. ಕಾಲೇಜಿನ ಆವರಣದಲ್ಲಿ ಹುಲ್ಲು ಕೀಳುವ ಗಂಟೆಗಳಲ್ಲಿ ಒಂದಷ್ಟನ್ನು ಗ್ರಂಥಾಲಯದ ಮಕ್ಕಳ ಕೋಣೆಗೆ, ಮೈದಾನಕ್ಕೆ ತಿರುಗಿಸಿದರೆ ಸಂಬಳದ ಮನುಷ್ಯನಿಗೆ ಜೊತೆಗಾರರು ಸಿಕ್ಕ ಹಾಗಾಯಿತು. ಸಂಬಳದವರ ಬದಲಿಗೆ ಇವರು ಎಂದು ಮಾತ್ರ ಯಾರೂ ತಿಳಿಯಬಾರದು. ಪರೀಕ್ಷೆ ಬಂದಾಗ ವಿದ್ಯಾರ್ಥಿಗಳು ಹೋಗುತ್ತಾರೆ, ಹೋಗಲೇಬೇಕು. ಬಾಗಿಲು ತೆರೆಯುವ ಹೊಣೆ ಕಾಯಂ ಒಬ್ಬರ ಮೇಲಿರಬೇಕು.

ಗ್ರಂಥಾಲಯದ ಕಂಪ್ಯೂಟರ್ ಇದ್ದಲ್ಲಿ ಈ ಹುಡುಗ ಹುಡುಗಿಯರು ಇನ್ನೊಂದು ದೊಡ್ಡ ಕೆಲಸ ಮಾಡಬಲ್ಲರು. ಈಗ ಎಲ್ಲ ಅರ್ಜಿಯೂ ಆನ್‌ಲೈನ್. ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋದ ಅಜ್ಜಿ, ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಆಧಾರ್ ಹೆಸರು ಹೊಂದಿಕೆಯಾಗದ ಹುಡುಗ, ಪಹಣಿ ಬೇಕಾದ ರೈತ, ಎಲ್ಲರೂ ಸೈಬರ್ ಅಂಗಡಿಯ ಮುಂದೆ ಸಾಲು ನಿಲ್ಲುತ್ತಾರೆ. ವಾರಕ್ಕೆರಡು ಸಂಜೆ ಕಾಲೇಜು ಮಕ್ಕಳು ಗ್ರಂಥಾಲಯದಲ್ಲಿ ಕೂತು ಈ ಅರ್ಜಿಗಳನ್ನು ತುಂಬಿಕೊಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಪಕ್ಕದ ಹಳ್ಳಿಯಲ್ಲೇ ಕಂಡಿದ್ದೇನೆ. ಅಜ್ಜಿ ಸೆರಗಿನ ಗಂಟಿನಿಂದ ಮಡಚಿದ ಬ್ಯಾಂಕ್ ಪಾಸ್‌ಬುಕ್ ತೆಗೆದು ಕೊಡುತ್ತಾಳೆ, ಬಿ.ಕಾಂ. ಓದುವ ಹುಡುಗಿ ಅದನ್ನು ನೋಡಿ, ‘ಅಜ್ಜೀ, ನಿಮ್ಮ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ, ಸೋಮವಾರ ನಾನೇ ಜೊತೆಗೆ ಬರ್ತೀನಿ, ಬ್ಯಾಂಕಿಗೆ ಹೋಗೋಣ’ ಎನ್ನುತ್ತಾಳೆ. ಪಿಂಚಣಿ ಮತ್ತೆ ಬರತೊಡಗಿದ ಮೇಲೆ ಅಜ್ಜಿ ತನ್ನ ಮೊಮ್ಮಗಳನ್ನು ಕೈಹಿಡಿದು ಗ್ರಂಥಾಲಯಕ್ಕೆ ತಂದು ಬಿಟ್ಟಳು.

ಹಣ ಎಲ್ಲಿಂದ ಎಂದು ಕೇಳುವವರಿಗೆ: ಗ್ರಂಥಾಲಯ ಕರದ ಮಾತು ಆಗಲೇ ಹೇಳಿದೆ. ಮೈದಾನದ ಬಾಗಿಲು ತೆರೆಯುವ ಒಬ್ಬ ಅರೆಕಾಲಿಕ ಸಹಾಯಕನ ಸಂಬಳ, ಎರಡು ದೀಪದ ವಿದ್ಯುತ್ತು, ಶೌಚಾಲಯಕ್ಕೆ ನೀರು, ವರ್ಷದ ಸಾಮಾನು, ಇಷ್ಟನ್ನು ಪಟ್ಟಣ ಪಂಚಾಯಿತಿಯ ಆಯವ್ಯಯದಲ್ಲಿ ಒಂದು ಸಾಲಾಗಿ ಸೇರಿಸಬಹುದು. ಹೊಸ ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಬಜೆಟ್ ಪೂರ್ವಭಾವಿ ಸಭೆ ಕರೆದು ಸಾರ್ವಜನಿಕರ ಸಲಹೆ ಕೇಳುತ್ತಾರೆ. ಆ ಸಭೆಗೆ ಹೋಗುವವರು ಬೆರಳೆಣಿಕೆಯ ಜನ. ಈ ಸಲ ತಾಯಂದಿರು ಹೋಗಲಿ, ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರನ್ನೂ ಕರೆದುಕೊಂಡು ಹೋಗಲಿ. ಮೈದಾನದಿಂದ ಮನೆಗೆ ಹೋಗುವ ದಾರಿಯಲ್ಲಿ ಎಲ್ಲಿ ಕತ್ತಲಿದೆ ಎಂದು ಅವರು ಹೇಳುವಷ್ಟು ಸರಿಯಾಗಿ ಬೇರೆ ಯಾರೂ ಹೇಳಲಾರರು.

ಹೋಗುವಾಗ ಬಿಳಿ ಹಾಳೆಯ ಮೇಲೆ ಒಂದು ಅರ್ಜಿ ಬರೆದುಕೊಂಡು ಹೋಗಿ. ಶಾಲೆಯ ಮೈದಾನದ ಗೇಟು ಸಂಜೆ ಆರೂವರೆವರೆಗೆ ತೆರೆದಿರಬೇಕು, ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬುದನ್ನು ಗೇಟಿನ ಮೇಲೆ ಬರೆಯಿಸಬೇಕು ಎಂದು ಕೇಳಿ. ಕಳೆದ ವರ್ಷ ಎಷ್ಟು ಗ್ರಂಥಾಲಯ ಕರ ವಸೂಲಾಯಿತು, ಅದರಲ್ಲಿ ಎಷ್ಟನ್ನು ಗ್ರಂಥಾಲಯ ಇಲಾಖೆಗೆ ಪಾವತಿ ಮಾಡಲಾಯಿತು ಎಂದು ಕೇಳಿ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಸಂಪರ್ಕ ಯಾವ ತಿಂಗಳೊಳಗೆ ಬರುತ್ತದೆ ಎಂದು ಕೇಳಿ. ಪೋಷಕರ ಸಹಿ ಹಾಕಿಸಿ, ಒಂದು ಪ್ರತಿಗೆ ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ. ಉತ್ತರ ಬಾರದಿದ್ದರೆ ಮುಂದಿನ ತಿಂಗಳ ಸಭೆಗೆ ಮತ್ತೆ ಅದೇ ಪ್ರತಿಯನ್ನು ಹಿಡಿದುಕೊಂಡು ಹೋಗಿ. ನಮ್ಮ ನಾಲ್ಕು ದೀಪ ಬಂದದ್ದೂ ಮೂರನೆಯ ಅರ್ಜಿಗೆ.